ಅಲಾಸ್ಕದ ಹಡಗು ಹತ್ತುವ ಮೊದಲು

(ಕಿನ್ನಿಗೋಳಿ ಹತ್ತಿರದ ಒಂದು ಮನೆಯ ಚಾವಡಿ. ಏಪ್ರಿಲ್ ತಿಂಗಳು, ಸಂಜೆ ಐದೂವರೆ. ಒಬ್ಬರು ನಿವೃತ್ತ ಮಾಷ್ಟ್ರು, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವರು. ಇನ್ನೊಬ್ಬ ಅವರ ಹಳೆ ವಿದ್ಯಾರ್ಥಿ, ಪ್ರವಾಸಿ ಹಡಗುಗಳಲ್ಲಿ ಹನ್ನೊಂದು ವರ್ಷ ಕ್ಯಾಬಿನ್ ಸ್ಟೀವರ್ಡ್ ಆಗಿ ದುಡಿದು ಊರಿಗೆ ಮರಳಿದವನು.)

"ಬಾ ಮಾರಾಯ, ಫ್ಯಾನಿನ ಅಡಿ ಕೂತುಕೋ. ಸೆಖೆ ಅಂದರೆ ಸೆಖೆ. ನಿನ್ನನ್ನು ಬರ್ಲಿಕ್ಕೆ ಹೇಳಿದ್ದು ಒಂದು ವಿಷಯ ಕೇಳುವ ಅಂತ. ಜೂನ್‌ನಲ್ಲಿ ನಾವಿಬ್ಬರೂ ಮಗನ ಮನೆಗೆ ಹೋಗ್ತೇವೆ, ಸಿಯಾಟಲ್‌ಗೆ. ಅಲ್ಲಿಂದ ಏಳು ದಿನ ಹಡಗಿನಲ್ಲಿ ಅಲಾಸ್ಕ. ಟಿಕೆಟ್ ಮಾಡಿ ಆಯ್ತಂತೆ."

"ಅಲಾಸ್ಕವಾ! ಮಾಷ್ಟ್ರೇ, 1867ರಲ್ಲಿ ಅಮೆರಿಕ ಅದನ್ನು ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡುಕೊಂಡಿತು ಅಂತ ನಮಗೆ ಬರೆಸಿದ್ದು ನೀವೇ. ಮೊದಲ ಸಲ ಅಲ್ಲಿ ನೆಲಕ್ಕೆ ಕಾಲಿಟ್ಟಾಗ ನನಗೆ ನೆನಪಾದದ್ದು ನಿಮ್ಮ ಕ್ಲಾಸು. ಇರಲಿ, ಮೊದಲು ಒಂದು ಕೇಳ್ತೇನೆ. ನಿಮ್ಮ ಪಾಸ್‌ಪೋರ್ಟಿನಲ್ಲಿ ಕೆನಡಾ ವೀಸಾ ಉಂಟಾ?"

"ಕೆನಡಾ ಎಂತಕ್ಕೆ? ಸಿಯಾಟಲ್ ಅಮೆರಿಕ, ಅಲಾಸ್ಕವೂ ಅಮೆರಿಕ. ಅಮೆರಿಕದ್ದು ಹತ್ತು ವರ್ಷದ ವೀಸಾ ಇದೆ ನಮಗೆ."

"ಇಲ್ಲೇ ತುಂಬ ಜನ ಎಡವುವುದು. ಅಮೆರಿಕದಲ್ಲಿ 1886ರ ಒಂದು ಕಾನೂನು ಉಂಟು. ಹೊರದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರಿನಿಂದ ಅಮೆರಿಕದ ಬಂದರಿಗೆ ಸೀದಾ ಜನ ಸಾಗಿಸುವ ಹಾಗಿಲ್ಲ, ನಡುವೆ ಹೊರದೇಶದ ಬಂದರು ಮುಟ್ಟಲೇಬೇಕು. ಈ ದೊಡ್ಡ ಪ್ರವಾಸಿ ಹಡಗುಗಳು ಹೆಚ್ಚಿನವು ಬಹಾಮಾಸ್, ಪನಾಮ, ಬರ್ಮುಡದಲ್ಲಿ ನೋಂದಣಿ ಆದವು. ಹಾಗಾಗಿ ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಹಡಗು ದಾರಿಯಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ತದೆ. ಹೆಚ್ಚಾಗಿ ಕೊನೆಯ ದಿನ ಸಂಜೆ, ನಾಲ್ಕೈದು ಗಂಟೆ, ಅಷ್ಟೇ. ಆ ನಾಲ್ಕೈದು ಗಂಟೆಗೆ ನಮ್ಮ ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕು. ಮಗನಿಗೆ ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಅವನಿಗೆ ಬೇಡ, ಅದಕ್ಕೇ ಅವನಿಗೆ ಹೊಳೆಯದೇ ಹೋಗಿರಬಹುದು."

"ಅವನಿಗೆ ಹೋದ ವರ್ಷ ಸಿಟಿಜನ್‌ಶಿಪ್ ಸಿಕ್ಕಿತು. ಹೌದು, ಅವನು ಈ ಸುದ್ದಿ ಎತ್ತಲೇ ಇಲ್ಲ."

"ಹಡಗಿನಲ್ಲಿ ನನ್ನ ಪಾಲಿಗೆ 18 ಕ್ಯಾಬಿನ್. ಹೊಸಬರು ಹತ್ತುವ ದಿನ ಬೆಳಿಗ್ಗೆ ಹೆಸರಿನ ಪಟ್ಟಿ ಕೈಗೆ ಬರ್ತದೆ. ಒಂದು ಸಲ ಅದರಲ್ಲಿ ನಮ್ಮ ಕಡೆಯ ಹೆಸರು ಕಂಡಿತು, ಅಕ್ಕಪಕ್ಕದ ಎರಡು ಕ್ಯಾಬಿನ್. ಎಷ್ಟು ಖುಷಿಯಾಯ್ತು ಹೇಳಿ! ಹಾಸಿಗೆ ಹಾಸಿ, ಟವೆಲಿನಲ್ಲಿ ಆನೆ ಮಾಡಿ ಕೂರಿಸಿದೆ, ಮಕ್ಕಳಿದ್ದಾರೆ ಅಂತ ಇನ್ನೊಂದರಲ್ಲಿ ಮಂಗ ಮಾಡಿ ನೇತಾಡಿಸಿದೆ. ಹಡಗು ಹೊರಟಿತು, ಅವರು ಬರಲೇ ಇಲ್ಲ. ಆಮೇಲೆ ಗೊತ್ತಾಯ್ತು, ಅಜ್ಜ ಅಜ್ಜಿಗೆ ಕೆನಡಾ ವೀಸಾ ಇರಲಿಲ್ಲ. ಕೌಂಟರಿನಿಂದಲೇ ವಾಪಸು ಕಳಿಸಿದ್ದು. ಅವರನ್ನು ಬಿಟ್ಟು ಹೋಗ್ಲಿಕ್ಕೆ ಮಗನಿಗೂ ಮನಸ್ಸಾಗಲಿಲ್ಲ. ದುಡ್ಡು ಹೋಯ್ತು, ಅದು ಬೇರೆ. ಆ ಮಕ್ಕಳು ಗೇಟಿನ ಆಚೆ ನಿಂತು ಹಡಗು ನೋಡಿರಬೇಕಲ್ಲ, ನನಗೆ ಬೇಜಾರಾದದ್ದು ಅದು. ಏಳು ದಿನವೂ ಆ ಎರಡು ಬಾಗಿಲ ಮುಂದೆ ಟ್ರಾಲಿ ತಳ್ಳಿಕೊಂಡು ಹೋಗುವಾಗ ನೆನಪಾಗ್ತಿತ್ತು."

"ಇವತ್ತೇ ಫೋನ್ ಮಾಡ್ತೇನೆ. ಅಲ್ಲಿ ಈಗ ರಾತ್ರಿ ಕಳೆದಿರಲಿಕ್ಕಿಲ್ಲ, ಸ್ವಲ್ಪ ಹೊತ್ತು ಹೋಗಲಿ. ನೀನು ಮುಂದೆ ಹೇಳು. ಇವಳಿಗೆ ಹೆದರಿಕೆ ವಾಂತಿಯದ್ದು. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನಲ್ಲೇ ಆಗುವುದಿಲ್ಲ ಅವಳಿಗೆ."

"ಕ್ಯಾಬಿನ್ ಎಲ್ಲಿ ಸಿಕ್ಕಿದೆ ಅಂತ ಕೇಳಿ. ಮಧ್ಯಭಾಗ, ಕೆಳಗಿನ ಅಂತಸ್ತು ಆದರೆ ಅಲುಗಾಟ ಕಡಿಮೆ. ತೊಟ್ಟಿಲನ್ನು ನೆನಸಿಕೊಳ್ಳಿ, ಎರಡು ತುದಿ ಏಳುಬೀಳು, ನಡುವೆ ಅಷ್ಟಿಲ್ಲ. ಜನ ದುಡ್ಡು ಹೆಚ್ಚು ಕೊಟ್ಟು ಮೇಲಿನ ಅಂತಸ್ತಿನಲ್ಲಿ ತೀರ ಮುಂದಿನ ಕ್ಯಾಬಿನ್ ಹಿಡಿಯುತ್ತಾರೆ, ಆಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ದ್ವೀಪಗಳ ಮರೆಯಲ್ಲಿ, ಹೊಳೆಯಂಥ ನೀರಿನಲ್ಲಿ ಹೋಗ್ತವೆ. ಸಿಯಾಟಲ್‌ನಿಂದ ಹೊರಡುವವು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್‌ನಲ್ಲಿ ಸಾಗುವುದು. ಒಂದು ರಾತ್ರಿ, ಒಂದು ಹಗಲು ತೂಗಾಟ ಇರ್ತದೆ ಅಂತ ಅಮ್ಮನಿಗೆ ಈಗಲೇ ಹೇಳಿಡಿ. ಗೊತ್ತಿದ್ದರೆ ಹೆದರಿಕೆ ಅರ್ಧ ಕಡಿಮೆ. ನೀರಿನ ಅಡಿಯಲ್ಲಿ ಹಡಗಿನ ಎರಡೂ ಮಗ್ಗುಲಿಗೆ ಮೀನಿನ ರೆಕ್ಕೆಯ ಹಾಗೆ ಸ್ಟೆಬಿಲೈಸರ್ ಇರ್ತದೆ, ಅಕ್ಕಪಕ್ಕದ ತೂಗಾಟವನ್ನು ತಡೀತದೆ."

"ಮಾತ್ರೆ?"

"ಉಂಟು, ಆದರೆ ನಿಮ್ಮ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಕೆಲವು ಮಾತ್ರೆ ವಯಸ್ಸಾದವರಿಗೆ ತೂಕಡಿಕೆ, ತಲೆ ಮಬ್ಬು ತರ್ತದೆ. ಅಮ್ಮನಿಗೆ ಸಕ್ಕರೆಯ ಮಾತ್ರೆಯೂ ಉಂಟಲ್ಲ. ಹಡಗಿನಲ್ಲಿ ನಾವು ಕೊಡುವುದು ಹಸಿರು ಸೇಬು, ಉಪ್ಪಿನ ಬಿಸ್ಕತ್ತು. ಹಸಿಶುಂಠಿ ಜಗಿದರೂ ಆಗ್ತದೆ. ಹೊಟ್ಟೆ ಖಾಲಿ ಬಿಡಬಾರದು. ಡೆಕ್ಕಿಗೆ ಬಂದು ದೂರದ ದಿಗಂತ ನೋಡ್ತಾ ಕೂರಬೇಕು, ಮೊಬೈಲ್ ನೋಡಬಾರದು. ನಡೆಯುವಾಗ ಒಂದು ಕೈ ಯಾವಾಗಲೂ ಕಂಬಿಯ ಮೇಲೆ. ನಾವಿಕರು ಹೇಳುವ ಮಾತು: ಒಂದು ಕೈ ನಿನಗೆ, ಒಂದು ಕೈ ಹಡಗಿಗೆ."

"ಮತ್ತೆ, ಬಚ್ಚಲಿನ ವಿಷಯ. ಕೇಳ್ಲಿಕ್ಕೆ ನಾಚಿಕೆ, ಆದರೆ ನಿನ್ನ ಹತ್ತಿರ ಅಲ್ಲದೆ ಯಾರ ಹತ್ತಿರ ಕೇಳುವುದು?"

"ನಾಚಿಕೆ ಎಂತದು ಮಾಷ್ಟ್ರೇ, ಹನ್ನೊಂದು ವರ್ಷ ನಾನು ತೊಳೆದದ್ದೇ ಅದು. ಪೈಪು ಇರುವುದಿಲ್ಲ, ಕಾಗದ ಮಾತ್ರ. ಸಣ್ಣ ಒಂದು ಮಗ್ಗು ಇಲ್ಲವೇ ಒತ್ತಿದರೆ ನೀರು ಚಿಮ್ಮುವ ಬಾಟ್ಲಿ ತೆಗೆದುಕೊಂಡು ಹೋಗಿ. ನೆಲಕ್ಕೆ ನೀರು ಚೆಲ್ಲದ ಹಾಗೆ ನೋಡಿಕೊಳ್ಳಿ, ಹೊರಗೆ ಕಾರ್ಪೆಟ್. ಅಲ್ಲಿ ಗಾಳಿ ಎಳೆಯುವ ಕಕ್ಕಸು, ವಿಮಾನದಲ್ಲಿ ಇರುವ ಹಾಗೆ. ಅದರೊಳಗೆ ಬೇರೆ ಏನನ್ನೂ ಹಾಕಬಾರದು. ಒಬ್ಬರು ಒದ್ದೆ ಟಿಶ್ಯೂ ಹಾಕಿದರೆ ಸಾಲಿನಲ್ಲಿರುವ ಹತ್ತು ಕ್ಯಾಬಿನ್ನಿನದ್ದು ಕಟ್ಟುತ್ತದೆ. ಇದೆಲ್ಲಕ್ಕಿಂತ ಮುಖ್ಯ ಹೊಸ್ತಿಲು. ಬಚ್ಚಲಿನ ಬಾಗಿಲಿಗೆ ನಾಲ್ಕೈದು ಬೆರಳು ಎತ್ತರದ ಕಬ್ಬಿಣದ ಹೊಸ್ತಿಲು ಇರ್ತದೆ, ನೀರು ಹೊರಗೆ ಬಾರದಿರಲಿ ಅಂತ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಎದ್ದ ವಯಸ್ಸಾದವರು ಬೀಳುವುದು ಅಲ್ಲೇ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಆದರೆ ಹಗಲೋ ರಾತ್ರಿಯೋ ಗೊತ್ತಾಗದಷ್ಟು ಕತ್ತಲೆ. ಬಚ್ಚಲಿನ ದೀಪ ಉರಿಸಿ ಬಾಗಿಲು ಸ್ವಲ್ಪ ತೆರೆದಿಟ್ಟು ಮಲಗಿ."

"ದೀಪ ಅಂದಾಗ ನೆನಪಾಯ್ತು. ಇವಳು ಮುಸ್ಸಂಜೆಗೆ ದೇವರಿಗೆ ದೀಪ ಹಚ್ಚದೆ ಇದ್ದವಳಲ್ಲ. ಸಣ್ಣ ಹಣತೆ, ಎರಡು ಊದುಬತ್ತಿ ಕಟ್ಟಿಟ್ಟಿದ್ದಾಳೆ."

"ಬೇಡ ಮಾಷ್ಟ್ರೇ. ದಯವಿಟ್ಟು ಬೇಡ. ಹಣತೆ, ಕರ್ಪೂರ, ಊದುಬತ್ತಿ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಸಣ್ಣ ಅನ್ನದ ಕುಕ್ಕರ್, ಒಂದೂ ಬೇಡ. ಪೆಟ್ಟಿಗೆಯನ್ನು ಯಂತ್ರದಲ್ಲಿ ನೋಡ್ತಾರೆ, ಸಿಕ್ಕಿದರೆ ತೆಗೆದಿಡ್ತಾರೆ. ನಮ್ಮವರಿಗೆ ಇದು ಅವಮಾನ ಅನಿಸ್ತದೆ. ನಾನು ಹೇಳುವುದು ಕೇಳಿ. ಮನೆಗೆ ಬೆಂಕಿ ಬಿದ್ದರೆ ಅಂಗಳಕ್ಕೆ ಓಡ್ತೇವೆ, ನೆರೆಯವರು ಬರ್ತಾರೆ. ಹಡಗಿಗೆ ಬಿದ್ದರೆ ಓಡುವುದು ಎಲ್ಲಿಗೆ? ಕಡಲಿಗೆ ಹೆದರುವುದಕ್ಕಿಂತ ಹೆಚ್ಚು ನಾವು ಬೆಂಕಿಗೆ ಹೆದರ್ತೇವೆ. ನಾನು ಹಾಸಿಗೆ ಹಾಸುವವನು, ಆದರೂ ಸೇರುವ ಮೊದಲೇ ನನಗೆ ಬೆಂಕಿ ಆರಿಸುವ ತರಬೇತಿ ಆಗಿತ್ತು. ಹೊಗೆ ತುಂಬಿದ ಕೋಣೆಯಲ್ಲಿ ಕಣ್ಣು ಕಾಣದೆ ಗೋಡೆ ತಡವಿಕೊಂಡು ಹೊರಗೆ ಬಂದಿದ್ದೇನೆ. ಅಮ್ಮನಿಗೆ ಬ್ಯಾಟರಿಯ ಸಣ್ಣ ದೀಪ ನಾನು ತಂದುಕೊಡ್ತೇನೆ. ದೇವರು ಅದನ್ನೂ ದೀಪ ಅಂತಲೇ ತಿಳಿಯುತ್ತಾನೆ."

"ಅವಳು ಒಪ್ಪಿಯಾಳು. ನೀನೇ ಹೇಳು, ನನಗಿಂತ ನಿನ್ನ ಮಾತು ಕೇಳ್ತಾಳೆ."

"ಇನ್ನೊಂದು ಉಂಟು. ಹತ್ತಿದ ಕೂಡಲೇ ಡ್ರಿಲ್. ಅಪಾಯದ ಸೈರನ್ ಯಾವುದು, ನೀವು ಸೇರಬೇಕಾದ ಜಾಗ ಯಾವುದು, ಲೈಫ್‌ಜಾಕೆಟ್ ಕಟ್ಟುವುದು ಹೇಗೆ ಅಂತ ತೋರಿಸುವುದು. ಈಗ ಹೆಚ್ಚಿನ ಹಡಗುಗಳಲ್ಲಿ ವೀಡಿಯೊ ನೋಡಿ, ನಿಮ್ಮ ಜಾಗಕ್ಕೆ ಹೋಗಿ ಹೆಸರು ದಾಖಲಿಸಿ ಬಂದರಾಯ್ತು. ಜನ ಅದನ್ನು ಕಾಟಾಚಾರಕ್ಕೆ ಮಾಡ್ತಾರೆ. ನೀವು ಹಾಗೆ ಮಾಡಬೇಡಿ. ಕ್ಯಾಬಿನ್‌ನಿಂದ ಆ ಜಾಗಕ್ಕೆ ಮೆಟ್ಟಿಲಲ್ಲಿ ಒಂದು ಸಲ ಅಮ್ಮನನ್ನು ಕರೆದುಕೊಂಡು ನಡೆದು ನೋಡಿ, ಲಿಫ್ಟಿನಲ್ಲಿ ಅಲ್ಲ. ಆ ಹೊತ್ತಿನಲ್ಲಿ ಲಿಫ್ಟ್ ಹತ್ತುವ ಹಾಗಿಲ್ಲ. ಸೈರನ್ ಏಳು ಸಣ್ಣ, ಒಂದು ಉದ್ದ."

"ಟೈಟಾನಿಕ್ ಮುಳುಗಿದ್ದು 1912. ಅದರ ಮೇಲೆ 1914ರಲ್ಲಿ ಕಡಲ ಸುರಕ್ಷತೆಯ ಒಪ್ಪಂದ ಆಯ್ತು. ನೂರು ವರ್ಷದಲ್ಲಿ ಇದೆಲ್ಲ ಸರಿಯಾಗಿರಬೇಕಲ್ಲ?"

"ನೂರು ವರ್ಷ ಆಗುವಾಗಲೇ ಇನ್ನೊಂದು ಆಯ್ತು ಮಾಷ್ಟ್ರೇ. 2012, ಜನವರಿ 13. ಕೋಸ್ಟಾ ಕಾನ್ಕಾರ್ಡಿಯಾ ಅಂತ ಹಡಗು, ಇಟಲಿಯ ಜಿಲಿಯೊ ದ್ವೀಪದ ತೀರಕ್ಕೆ ತೀರ ಹತ್ತಿರ ಹೋಗಿ ಬಂಡೆಗೆ ಬಡಿಯಿತು. ಒಳಗೆ ನಾಲ್ಕು ಸಾವಿರದ ಮೇಲೆ ಜನ. 32 ಮಂದಿ ತೀರಿಹೋದರು. ದಡ ಕಣ್ಣೆದುರೇ ಇತ್ತು, ಮನೆಗಳ ದೀಪ ಕಾಣುವಷ್ಟು ಹತ್ತಿರ. ಆ ಸಂಜೆಯಷ್ಟೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಆಗಿರಲಿಲ್ಲ, ಮರುದಿನಕ್ಕೆ ಇಟ್ಟಿದ್ದರು. ಆಗ ನಿಯಮದಲ್ಲಿ 24 ಗಂಟೆಯ ಅವಕಾಶ ಇತ್ತು. ಅದಾದ ಮೇಲೆ ನಿಯಮ ಬದಲಾಯ್ತು, ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಆ ಸುದ್ದಿ ಟೀವಿಯಲ್ಲಿ ಬಂದಾಗ ನಾವು ಇನ್ನೊಂದು ಹಡಗಿನಲ್ಲಿ ಊಟದ ಕೋಣೆಯಲ್ಲಿ ಇದ್ದೆವು. ಯಾರೂ ಮಾತಾಡಲಿಲ್ಲ. ಅಲ್ಲಿಂದ ಮೇಲೆ ಡ್ರಿಲ್‌ನಲ್ಲಿ ನಗುವವರನ್ನು ಕಂಡರೆ ನನಗೆ ಸಹಿಸ್ಲಿಕ್ಕೆ ಆಗ್ತಿರಲಿಲ್ಲ."

"ಹೂಂ. ನಾನು ಮುಂದಿನ ಸಾಲಿನಲ್ಲೇ ನಿಲ್ತೇನೆ. ಊಟದ್ದು ಹೇಗೆ?"

"ಊಟಕ್ಕೆ ತೊಂದರೆ ಇಲ್ಲ. ಅಡುಗೆಮನೆಯಲ್ಲಿ ಗೋವದವರು, ಮುಂಬಯಿಯವರು, ನಮ್ಮ ಮಂಗಳೂರಿನವರು ಯಾರಾದರೂ ಇದ್ದೇ ಇರ್ತಾರೆ. ಶುದ್ಧ ಸಸ್ಯಾಹಾರ, ಮೊಟ್ಟೆ ಮೀನು ಬೇಡ ಅಂತ ಮಗ ಈಗಲೇ ಕಂಪೆನಿಗೆ ಬರೆಯಲಿ. ಹತ್ತಿದ ದಿನ ರಾತ್ರಿ ಊಟದ ಮೇಲ್ವಿಚಾರಕನಿಗೆ ಇನ್ನೊಮ್ಮೆ ಹೇಳಿದರೆ ಮರುದಿನಕ್ಕೆ ದಾಲ್, ಪಲ್ಯ, ಚಪಾತಿ ಬರ್ತದೆ. ಸೂಪಿನಲ್ಲಿ ಮಾತ್ರ ಜಾಗ್ರತೆ, ತರಕಾರಿ ಸೂಪಿನ ನೀರು ಮಾಂಸ ಬೇಯಿಸಿದ್ದು ಇರಬಹುದು, ಕೇಳಿ. ಕೈ ತೊಳೆಯುವುದು ಅದಕ್ಕಿಂತ ದೊಡ್ಡ ವಿಷಯ. ಬಾಗಿಲಲ್ಲಿ ಸ್ಯಾನಿಟೈಸರ್ ಇರ್ತದೆ, ಕೈಗೆ ಎರಡು ಹನಿ ಹಾಕಿಕೊಂಡು ಜನ ಬಡಿಸಿಕೊಳ್ಳಲಿಕ್ಕೆ ಹೋಗ್ತಾರೆ. ನೊರೊವೈರಸ್ ಅಂತ ಉಂಟು, ವಾಂತಿ ಭೇದಿಯದ್ದು. ಅದು ಸ್ಯಾನಿಟೈಸರಿಗೆ ಬಗ್ಗುವುದಿಲ್ಲ. ಸೋಪು, ನೀರು ಹಾಕಿ ಚೆನ್ನಾಗಿ ತಿಕ್ಕಿಯೇ ಆಗಬೇಕು."

"ಹಡಗಿನಲ್ಲಿ ಅದು ಹರಡುತ್ತದೆ ಅಂತ ಪೇಪರಿನಲ್ಲಿ ಓದಿದ್ದೆ."

"ಹರಡುತ್ತದೆ. ಅಮೆರಿಕದ ಬಂದರಿಗೆ ಬರುವ ಹಡಗುಗಳಲ್ಲಿ ನೂರಕ್ಕೆ ಮೂರು ಜನರಿಗೆ ಬಂದರೆ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಹಡಗಿನ ಹೆಸರು ಸಮೇತ ಪ್ರಕಟಿಸ್ತದೆ. ಹರಡುವುದಕ್ಕೆ ಒಂದು ಕಾರಣ ಹೇಳ್ಲಾ? ಮುಚ್ಚಿಡುವುದು. ಹೇಳಿದರೆ ಕ್ಯಾಬಿನ್‌ನಲ್ಲಿ ಎರಡು ದಿನ ಕೂಡಿಹಾಕ್ತಾರೆ, ಹಿಮನದಿ ನೋಡುವುದು ತಪ್ತದೆ ಅಂತ ಹೇಳುವುದಿಲ್ಲ. ಒಬ್ಬರು ಯಜಮಾನರು, ಅರವತ್ತರ ಮೇಲಿನವರು, ಒಳ್ಳೆಯ ಮನುಷ್ಯ, ದಿನಾ ನನ್ನ ಮಗಳ ಸುದ್ದಿ ಕೇಳುವವರು. ಬೆಳಿಗ್ಗೆ ಅವರ ಹಾಸಿಗೆಬಟ್ಟೆ ತೆಗೆಯುವಾಗ ಗೊತ್ತಾಯ್ತು ನನಗೆ. 'ನಿನ್ನೆಯ ಮೀನು ಸರಿಯಿರಲಿಲ್ಲ' ಅಂದರು. ಮೂರನೇ ದಿನ ನಾನು ಬಿದ್ದೆ. ನನ್ನ ಜೊತೆ ಒಂದೇ ಕೋಣೆಯಲ್ಲಿ ಮಲಗುವ ಫಿಲಿಪ್ಪೀನ್ಸ್‌ನ ಹುಡುಗನೂ ಬಿದ್ದ. ನಮ್ಮ ಕೋಣೆ ಎಷ್ಟು ದೊಡ್ಡದು ಗೊತ್ತಾ? ಈ ಚಾವಡಿಯ ಕಾಲು ಭಾಗ, ಕಿಟಕಿ ಇಲ್ಲ, ಒಂದರ ಮೇಲೊಂದು ಎರಡು ಮಂಚ. ನಿಮಗೆ ಹೊಟ್ಟೆ ಕೆಟ್ಟರೆ ಕೂಡಲೇ ಹೇಳಿ ಮಾಷ್ಟ್ರೇ. ನಿಮ್ಮ ಹಾಸಿಗೆ ತೆಗೆಯುವ ಹುಡುಗನ ಮುಖ ನೋಡಿಯಾದರೂ ಹೇಳಿ."

"ಹೇಳ್ತೇನೆ. ಅದಿರಲಿ, ನನಗೆ ಒಳಗೇ ಕೊರೆಯುವ ಒಂದು ಪ್ರಶ್ನೆ ಉಂಟು. ಇವಳ ಎದುರು ಕೇಳ್ಲಿಕ್ಕಿಲ್ಲ, ಈಗ ಹಿತ್ತಿಲಿನಲ್ಲಿ ಇದ್ದಾಳೆ. ನನಗೆ ಬಿಪಿ, ಎರಡು ಸ್ಟೆಂಟ್ ಬೇರೆ. ನಡುಕಡಲಿನಲ್ಲಿ ಏನಾದರೂ ಆದರೆ?"

"ಸುಳ್ಳು ಹೇಳುವುದಿಲ್ಲ ನಿಮ್ಮ ಹತ್ತಿರ. ಹಡಗಿನಲ್ಲಿ ಡಾಕ್ಟರ್ ಇರ್ತಾರೆ, ನರ್ಸ್ ಇರ್ತಾರೆ, ಇಸಿಜಿ, ಎಕ್ಸ್‌ರೇ ಉಂಟು, ಹೃದಯಾಘಾತ ಆದರೆ ಮೊದಲ ಚಿಕಿತ್ಸೆ ಕೊಡ್ತಾರೆ. ದೊಡ್ಡ ಆಸ್ಪತ್ರೆ ಅದಲ್ಲ. ಹೆಚ್ಚಿನದಕ್ಕೆ ಮುಂದಿನ ಬಂದರಿನಲ್ಲಿ ಇಳಿಸ್ತಾರೆ, ತೀರ ತುರ್ತಾದರೆ ಹೆಲಿಕಾಪ್ಟರ್. ಡಾಕ್ಟರನ್ನು ಕಾಣುವುದಕ್ಕೂ ದುಡ್ಡು, ನಿಮ್ಮ ಕ್ಯಾಬಿನ್ ಲೆಕ್ಕಕ್ಕೆ ಬರೆಯುತ್ತಾರೆ, ಅದು ಡಾಲರಿನ ಲೆಕ್ಕ. ಹಾಗಾಗಿ ಇಲ್ಲಿಂದ ಮಾಡುವ ವಿಮೆಯಲ್ಲಿ ಮೂರು ನೋಡಿ: ಹಡಗಿನ ಪ್ರಯಾಣ ಸೇರಿದೆಯಾ, ರೋಗಿಯನ್ನು ಬೇರೆ ಕಡೆ ಸಾಗಿಸುವ ಖರ್ಚು ಸೇರಿದೆಯಾ, ಮೊದಲೇ ಇದ್ದ ಕಾಯಿಲೆ ಸೇರಿದೆಯಾ. ಸ್ಟೆಂಟ್ ಇರುವುದನ್ನು ಮುಚ್ಚಿಟ್ಟು ವಿಮೆ ಮಾಡಿಸಿದರೆ ಬೇಕಾದಾಗ ಒಂದು ರೂಪಾಯಿ ಬರಲಿಕ್ಕಿಲ್ಲ. ಮತ್ತೆ ನೀವು ಕೇಳದೆ ಬಿಟ್ಟದ್ದು. ಹೌದು, ಹಡಗಿನಲ್ಲಿ ಜನ ಸಾಯುತ್ತಾರೆ. ಸಾವಿರಾರು ಜನ, ಅದರಲ್ಲಿ ವಯಸ್ಸಾದವರು ಎಷ್ಟೋ. ದೇಹ ಇಡಲಿಕ್ಕೆ ಒಂದು ಸಣ್ಣ ಕೋಣೆ ಕೆಳಗೆ ಉಂಟು."

"ನೀನು ನೋಡಿದ್ದೀಯಾ?"

"ನನ್ನ ಕ್ಯಾಬಿನ್ನಿನ ಒಬ್ಬರು ಅಜ್ಜಿಯ ಗಂಡ ಹಾಗೆ ಹೋದರು. ರಾತ್ರಿ ನಿದ್ದೆಯಲ್ಲೇ. ಅಜ್ಜಿ ಉಳಿದ ಎರಡು ದಿನ ಬೇರೆ ಕ್ಯಾಬಿನ್ನಿಗೆ ಹೋಗ್ಲಿಕ್ಕೆ ಒಪ್ಪಲಿಲ್ಲ. ನಾನು ಸಂಜೆ ಹಾಸಿಗೆ ಸರಿಮಾಡ್ಲಿಕ್ಕೆ ಹೋಗುವಾಗ ಎರಡೂ ದಿಂಬು ಮೊದಲಿನ ಹಾಗೇ ಇಡು ಅಂದರು. ಇಟ್ಟೆ. ಹಡಗಿನವರು ಅವರನ್ನು ಒಂಟಿ ಬಿಡಲಿಲ್ಲ ಮಾಷ್ಟ್ರೇ. ಒಬ್ಬಳು ಹುಡುಗಿಯನ್ನು ಅವರ ಜೊತೆಗೇ ಇಟ್ಟಿದ್ದರು, ಬಂದರಿನಲ್ಲಿ ಇಳಿಯುವ ತನಕ. ನೀವು ಹೋಗಬೇಡಿ ಅಂತ ಇದನ್ನು ಹೇಳುವುದಲ್ಲ. ಡಾಕ್ಟರು ಹೋಗಬಹುದು ಅಂದರೆ ಹೋಗಿ. ಮಾತ್ರೆ ಮಾತ್ರ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಯನ್ನು ಬಂದರಿನಲ್ಲೇ ತೆಗೆದುಕೊಳ್ತಾರೆ, ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯಾಗ್ತದೆ. ಕೊನೆಯ ರಾತ್ರಿಯೂ ಹಾಗೆ, ಪೆಟ್ಟಿಗೆಯನ್ನು ಬಾಗಿಲ ಹೊರಗೆ ಇಡಬೇಕು, ನಾವು ರಾತ್ರಿಯೇ ಸಾಗಿಸ್ತೇವೆ. ಆಗ ಮರುದಿನದ ಬಟ್ಟೆ, ಚಪ್ಪಲಿ, ಮಾತ್ರೆ ತೆಗೆದಿಟ್ಟುಕೊಳ್ಳಿ. ಎಲ್ಲವನ್ನೂ ತುಂಬಿಸಿ ಕೊಟ್ಟು ಬೆಳಿಗ್ಗೆ ರಾತ್ರಿಯ ಬಟ್ಟೆಯಲ್ಲೇ ಉಳಿದವರನ್ನು ನಾನು ಪ್ರತಿ ವರ್ಷ ನೋಡಿದ್ದೇನೆ."

"ಬರೆದುಕೊಳ್ತಾ ಇದ್ದೇನೆ. ಫೋನ್?"

"ಹತ್ತಿದ ಕೂಡಲೇ ವಿಮಾನದಲ್ಲಿ ಇಡುವ ಹಾಗೆ ಫ್ಲೈಟ್ ಮೋಡಿಗೆ ಹಾಕಿ. ನಡುಕಡಲಿನಲ್ಲಿ ಫೋನ್ ತಾನಾಗಿ ಹಡಗಿನ ಉಪಗ್ರಹದ ನೆಟ್‌ವರ್ಕ್ ಹಿಡಿದರೆ ಬಿಲ್ಲು ನೋಡಿ ಮಗನಿಗೆ ತಲೆ ತಿರುಗುತ್ತದೆ. ಅದಕ್ಕಿಂತ ಗಂಟೆಯ ವಿಷಯ ಕೇಳಿ. ಅಲಾಸ್ಕ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಬಂದರಿನಲ್ಲಿ ಇಳಿಯುವಾಗ ಹಡಗಿನ ಗಂಟೆ ಎಷ್ಟು, ವಾಪಸು ಎಷ್ಟಕ್ಕೆ ಬರಬೇಕು ಅಂತ ಬಾಗಿಲಲ್ಲೇ ಬರೆದಿರ್ತಾರೆ. ಅದನ್ನು ನೋಡಿ ಕೈಗಡಿಯಾರ ಸರಿಮಾಡಿಕೊಳ್ಳಿ. ಹೊರಡುವುದಕ್ಕೆ ಅರ್ಧ ಗಂಟೆ ಮೊದಲು ಹತ್ತಿರಬೇಕು. ಕಂಪೆನಿಯವರೇ ಕರೆದುಕೊಂಡು ಹೋದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ನೀವಾಗಿ ಟ್ಯಾಕ್ಸಿ ಮಾಡಿ ಹೋದರೆ ಕಾಯುವುದಿಲ್ಲ."

"ಓ, ಅದಕ್ಕೇನಾ! ನಮ್ಮ ಪಣಂಬೂರಿನ ಬಂದರಿಗೆ ಚಳಿಗಾಲದಲ್ಲಿ ಪ್ರವಾಸಿ ಹಡಗು ಬರ್ತದಲ್ಲ, ಒಮ್ಮೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಅವರನ್ನು ನೋಡಿದ್ದೆ. ಒಬ್ಬ ಹೆಂಗಸು ಕಂಬದ ಕೆತ್ತನೆಯ ಮೇಲೆ ಕೈ ಆಡಿಸ್ತಾ ನಿಂತಿದ್ದಳು, ಕಣ್ಣು ತೆಗೀಲಿಕ್ಕೇ ಮನಸ್ಸಿಲ್ಲ ಅವಳಿಗೆ. ಗಂಡ ಗಡಿಯಾರ ತೋರಿಸಿ ಎಳೆದುಕೊಂಡು ಹೋದ. ಇಷ್ಟು ದೂರ ಬಂದು ಹೀಗೆ ಓಡ್ತಾರಲ್ಲ ಅಂತ ನನಗೆ ಸಿಟ್ಟು ಬಂದಿತ್ತು."

"ಜೂನ್‌ನಲ್ಲಿ ನೀವೂ ಹಾಗೇ ಓಡಬೇಕಾಗ್ತದೆ. ಬಿಟ್ಟುಹೋದರೆ ಮುಂದಿನ ಊರಿಗೆ ರಸ್ತೆಯೂ ಇಲ್ಲ. ಜೂನೊ ಅಲಾಸ್ಕದ ರಾಜಧಾನಿ, ಆದರೆ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಹಡಗು, ಇಲ್ಲವೇ ವಿಮಾನ."

"ಅದು ಪಾಠದಲ್ಲಿ ಇರಲಿಲ್ಲ."

"ಊರಿನ ಜನ ಮೂವತ್ತು ಸಾವಿರ ಚಿಲ್ಲರೆ, ವರ್ಷಕ್ಕೆ ಹಡಗಿನಿಂದ ಇಳಿಯುವವರು ಹದಿನೈದು ಲಕ್ಷದ ಮೇಲೆ. ಅದೂ ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ. ಅವರಿಗೂ ಸಾಕಾಗಿದೆ. 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಅಂತ ಮಾಡಿದರು. ಅದೇ ವರ್ಷ ಶನಿವಾರ ದೊಡ್ಡ ಹಡಗೇ ಬೇಡ ಅಂತ ಊರವರು ಮತಕ್ಕೆ ಹಾಕಿದರು, ಅದು ಸೋತಿತು. ಹಡಗಿನಿಂದಲೇ ಬದುಕುವವರೂ ಅಲ್ಲಿ ಬೇಕಾದಷ್ಟು. ಎರಡೂ ಕಡೆಯವರ ಮಾತು ನಾನು ಅಂಗಡಿಗಳಲ್ಲಿ ಕೇಳಿದ್ದೇನೆ, ಯಾರದ್ದೂ ತಪ್ಪು ಅಂತ ಕಾಣಲಿಲ್ಲ. ಬಸ್ಸಿನಲ್ಲಿ ಅವರಿಗೂ ಜಾಗ ಬಿಡಿ, ಮನೆಗಳ ಅಂಗಳಕ್ಕೆ ಹೋಗಿ ಫೋಟೊ ತೆಗೆಯಬೇಡಿ."

"ಬೇರೆ ಊರುಗಳು?"

"ಕೆಚಿಕನ್ ಅಂತ ಉಂಟು. ಅಲ್ಲಿ ನಿಮಗೆ ಊರಿನ ನೆನಪೇ ಆಗ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ, ನಮ್ಮ ಮಂಗಳೂರಿನಷ್ಟೇ. ಆದರೆ ಚಳಿಯ ಮಳೆ. ಕೊಡೆಗಿಂತ ತಲೆಮುಚ್ಚುವ ಮಳೆಕೋಟು ಒಳ್ಳೆಯದು. ಸ್ಕ್ಯಾಗ್‌ವೇಯಲ್ಲಿ ಸಾಧ್ಯವಾದರೆ ರೈಲು ಹತ್ತಿ. 1898ರಲ್ಲಿ ಚಿನ್ನದ ಆಸೆಗೆ ಜನ ನುಗ್ಗಿದಾಗ ಕಟ್ಟಲು ಶುರುಮಾಡಿ 1900ರಲ್ಲಿ ಮುಗಿಸಿದ್ದು. ಬೆಟ್ಟದ ಬದಿಯನ್ನು ಕಚ್ಚಿಕೊಂಡು ಹೋಗ್ತದೆ, ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ಹಾಗೆ. ಆದರೆ ನಿಮ್ಮ ಹಡಗು ಗ್ಲೇಸಿಯರ್ ಬೇಗೆ ಹೋಗ್ತದಾ ಅಂತ ಮಗನನ್ನು ಕೇಳಿ. ಅದಕ್ಕೆ ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಪರವಾನಗಿ."

"ಹಿಮನದಿಯ ಚಿತ್ರ ಬೋರ್ಡಿನಲ್ಲಿ ಮೂವತ್ತು ವರ್ಷ ಬರೆದಿದ್ದೇನೆ ಮಾರಾಯ. ಒಂದನ್ನೂ ಕಣ್ಣಲ್ಲಿ ನೋಡಿಲ್ಲ. ನಾನು ಹೋಗ್ಲಿಕ್ಕೆ ಒಪ್ಪಿದ್ದೇ ಅದಕ್ಕೆ."

"ಹಾಗಾದರೆ ಬೆಳಿಗ್ಗೆ ಬೇಗ ಏಳಿ. ಸಣ್ಣ ದೋಣಿಯಲ್ಲಿ ಅಲ್ಲಿನ ಪಾರ್ಕಿನ ರೇಂಜರುಗಳು ಬಂದು ಹಗ್ಗದ ಏಣಿಯಲ್ಲಿ ಹಡಗು ಹತ್ತುತ್ತಾರೆ. ದಿನವಿಡೀ ಅವರೇ ವಿವರಣೆ ಹೇಳುವುದು. ಅವರ ಹತ್ತಿರ ನೀವು ಪ್ರಶ್ನೆ ಕೇಳಲೇಬೇಕು. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್‌ನ ನಾವಿಕರು ಆ ಕಡೆ ಬಂದಾಗ ಕೊಲ್ಲಿಯೇ ಇರಲಿಲ್ಲವಂತೆ, ಬಾಯಿಯ ತನಕ ಮಂಜಿನ ಗೋಡೆ. 1916ರ ಹೊತ್ತಿಗೆ ಅದು ಸುಮಾರು 100 ಕಿಲೋಮೀಟರ್ ಹಿಂದೆ ಸರಿದಿತ್ತು. ಕೊನೆಯಲ್ಲಿ ಮಾರ್ಜರಿ ಹಿಮನದಿಯ ಎದುರು ಹಡಗು ನಿಲ್ಲಿಸಿ, ನಿಂತಲ್ಲೇ ನಿಧಾನ ತಿರುಗಿಸ್ತಾರೆ, ಎರಡೂ ಬದಿಯವರಿಗೆ ಕಾಣಲಿ ಅಂತ. ನಮಗೆ ಕೆಲಸದವರಿಗೂ ಕಾಲು ಗಂಟೆ ಬಿಡುವು ಸಿಗುತ್ತಿತ್ತು, ಮುಂದಿನ ತುದಿಯ ನಮ್ಮ ಡೆಕ್ಕಿಗೆ ಓಡ್ತಿದ್ದೆವು, ಏಪ್ರನ್ ಕೂಡ ಬಿಚ್ಚದೆ. ಮಂಜು ಬೆಳ್ಳಗೆ ಇರ್ತದೆ ಅಂದುಕೊಂಡಿದ್ದೆ. ನೀಲಿ ಮಾಷ್ಟ್ರೇ. ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟಿನಲ್ಲಿ ಈಗಷ್ಟೇ ಕರಗಿಸಿದ ಹಾಗೆ."

"ಒತ್ತಡಕ್ಕೆ ಸಿಕ್ಕಿ ಮಂಜಿನೊಳಗಿನ ಗಾಳಿಯೆಲ್ಲ ಹೊರಗೆ ಹೋಗಿರ್ತದೆ. ಗಟ್ಟಿ ಮಂಜು ಕೆಂಪು ಬೆಳಕನ್ನು ಹೀರಿಕೊಳ್ತದೆ, ನೀಲಿ ಉಳಿಯುತ್ತದೆ."

"ಅದನ್ನು ನೀವು ಅಲ್ಲೇ ನಿಂತು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಎಲ್ಲರೂ ಸುಮ್ಮನಿರ್ತಾರೆ, ಮೂರು ಸಾವಿರ ಜನ. ಒಂದು ಮನೆಯಷ್ಟು ದೊಡ್ಡ ತುಂಡು ಕಳಚಿಕೊಂಡು ಬೀಳುವುದು ಕಾಣ್ತದೆ, ಸದ್ದಿಲ್ಲ. ನಾವು ಉಸಿರು ಹಿಡಿದಿರ್ತೇವೆ. ಆಮೇಲೆ ಗುಡುಗು ಬರ್ತದೆ. ಟ್ಲಿಂಗಿಟ್ ಅಂತ ಅಲ್ಲಿನ ಮೂಲದವರು ಅದನ್ನು ಬಿಳಿ ಗುಡುಗು ಅಂತಲೇ ಕರೆಯುವುದು. ಮೊದಲ ಸಲ ಕೇಳಿದಾಗ ನನಗೆ ಅಳು ಬಂತು. ಯಾಕೆ ಅಂತ ಈಗಲೂ ಹೇಳ್ಲಿಕ್ಕೆ ಬರುವುದಿಲ್ಲ. ಪಕ್ಕದಲ್ಲಿದ್ದ ಆ ಫಿಲಿಪ್ಪೀನ್ಸ್ ಹುಡುಗ ನನ್ನ ಭುಜದ ಮೇಲೆ ಕೈ ಇಟ್ಟ. ಅಷ್ಟರಲ್ಲಿ ಕರೆ ಬಂತು, ಕೆಳಗೆ ಓಡಿದೆವು."

"ಒಂದು ಕಾಲು ಗಂಟೆ. ಉಳಿದ ಹೊತ್ತು ಕೆಲಸವಾ?"

"ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹದಿನೆಂಟು ಕ್ಯಾಬಿನ್. ದಿನಕ್ಕೆ ಹತ್ತು, ಹನ್ನೆರಡು ಗಂಟೆ. ಒಂಬತ್ತು ತಿಂಗಳ ಕಾಂಟ್ರಾಕ್ಟಿನಲ್ಲಿ ಒಂದೂ ಭಾನುವಾರ ರಜೆ ಇಲ್ಲ. ಕಡಲ ಕಾರ್ಮಿಕರ ಒಪ್ಪಂದದಲ್ಲಿ 24 ಗಂಟೆಗೆ ಹತ್ತು ಗಂಟೆ ವಿಶ್ರಾಂತಿ ಕೊಡಲೇಬೇಕು ಅಂತ ಉಂಟು. ವಾರದ ರಜೆ ಮಾತ್ರ ನಾವು ಕಂಡದ್ದಿಲ್ಲ. ಹಡಗಿನ ಕೆಳಗೆ ಉದ್ದಕ್ಕೆ ಒಂದು ದಾರಿ ಉಂಟು, ಕೆಲಸದವರು ಅದನ್ನು ಐ-95 ಅಂತ ಕರೆಯುತ್ತಾರೆ, ಅಮೆರಿಕದ ಒಂದು ಹೆದ್ದಾರಿಯ ಹೆಸರು. ಅಲ್ಲಿ ಒಂದು ಸಲ ನಡೆದರೆ ಹತ್ತು ಭಾಷೆ ಕಿವಿಗೆ ಬೀಳ್ತದೆ. ಮಗಳು ಹುಟ್ಟಿದ ಸುದ್ದಿ ನನಗೆ ಸಿಕ್ಕಿದ್ದು ಅಲ್ಲೇ, ಫೋನಿನ ಸಾಲಿನಲ್ಲಿ ನಿಂತಿದ್ದಾಗ. ಅವಳ ಮುಖ ನೋಡುವಾಗ ಅವಳಿಗೆ ಏಳು ತಿಂಗಳು."

"ನೀನು ಇದನ್ನೆಲ್ಲ ಯಾವತ್ತೂ ಹೇಳಲಿಲ್ಲ."

"ಊರಿಗೆ ಬಂದಾಗ ಎಲ್ಲರೂ ಕೇಳುವುದು ಎಷ್ಟು ದೇಶ ನೋಡಿದಿ ಅಂತ. ಮನೆ ಕಟ್ಟಿದ್ದು, ತಂಗಿಯ ಮದುವೆ ಮಾಡಿದ್ದು ಆ ದುಡಿಮೆಯಲ್ಲೇ, ನನಗೆ ಬೇಸರವಿಲ್ಲ. ಆದರೆ ಒಂದು ಮಾತು. ಟಿಕೆಟಿನ ಮೇಲೆ ದಿನಕ್ಕೆ ಒಬ್ಬರಿಗೆ 15ರಿಂದ 20 ಡಾಲರ್ ಕೆಲಸದವರ ಲೆಕ್ಕಕ್ಕೆ ಸೇರಿಸ್ತಾರೆ. ನಿಮ್ಮಿಬ್ಬರಿಗೆ ಏಳು ದಿನಕ್ಕೆ 210ರಿಂದ 280 ಡಾಲರ್. ಕೊನೆಯ ದಿನ ಕೌಂಟರಿಗೆ ಹೋಗಿ ಅದನ್ನು ತೆಗೆಸುವವರು ಇದ್ದಾರೆ. ನಮ್ಮವರೂ ಇದ್ದಾರೆ. ಏಳು ದಿನ 'ಬ್ರದರ್, ಬ್ರದರ್' ಅಂದವರು ತೆಗೆಸಿದ್ದು ಗೊತ್ತಾದಾಗ ಆಗುವ ನೋವು ದುಡ್ಡಿನದ್ದು ಮಾತ್ರ ಅಲ್ಲ. ಮಗನಿಗೆ ಹೇಳಿ, ಆ ಲೆಕ್ಕವನ್ನು ಮುಟ್ಟುವುದು ಬೇಡ. ಮತ್ತೆ ನಿಮ್ಮ ಕ್ಯಾಬಿನ್ನಿನ ಹುಡುಗನ ಹೆಸರು ಮೊದಲ ದಿನವೇ ಕೇಳಿಕೊಳ್ಳಿ. ಹೋಗುವಾಗ ಅವನ ಹೆಸರು ಬರೆದು ಎರಡು ಸಾಲು ಒಳ್ಳೆಯ ಮಾತು ಹಡಗಿನವರಿಗೆ ಕೊಟ್ಟು ಬನ್ನಿ. ಆ ಕಾಗದ ಅವನ ಮುಂದಿನ ಕಾಂಟ್ರಾಕ್ಟಿಗೆ ಸಹಾಯಕ್ಕೆ ಬರ್ತದೆ."

"ನನ್ನ ಅಕ್ಷರದಲ್ಲೇ ಬರೆದು ಕೊಡ್ತೇನೆ. ಗಂಟೆ ಎಷ್ಟಾಯ್ತು ಈಗ?"

"ಏಳಾಯ್ತು. ಅಲ್ಲಿ ಬೆಳಿಗ್ಗೆ ಆರೂವರೆ."

"ಎದ್ದಿರ್ತಾನೆ, ಆಫೀಸಿಗೆ ಬೇಗ ಹೋಗುವವನು. ಆ ಕಪಾಟಿನ ಮೇಲೆ ನೀಲಿ ಫೈಲ್ ಉಂಟು ನೋಡು, ಎರಡೂ ಪಾಸ್‌ಪೋರ್ಟ್ ಅದರಲ್ಲೇ ಇದೆ. ತೆಗೆ. ಹಲೋ, ಹಲೋ... ನಾನು ಅಪ್ಪ. ಎದ್ದಿದ್ದೀಯಾ? ಹೂಂ, ನಾವು ಆರಾಮ. ಒಂದು ವಿಷಯ ಕೇಳು, ನನ್ನ ಒಬ್ಬ ವಿದ್ಯಾರ್ಥಿ ಇಲ್ಲೇ ಕೂತಿದ್ದಾನೆ, ಹಡಗಿನಲ್ಲಿ ಹನ್ನೊಂದು ವರ್ಷ ಇದ್ದವನು. ಕೆನಡಾ ವೀಸಾದ್ದು ಏನೋ ಹೇಳ್ತಾನೆ. ತಡಿ, ಅವನ ಕೈಗೇ ಕೊಡ್ತೇನೆ."